ಹವಳದ ಪುಟ್ಟ ಅಕ್ವೇರಿಯಂ: ನೀರಿನ ಪಿಎಚ್ ಕುಸಿದಾಗ

ಮಹಾನಗರಗಳ ಫ್ಲ್ಯಾಟುಗಳಲ್ಲಿ ಬಣ್ಣದ ಮೀನು ಸಾಕುವ ಹವ್ಯಾಸ ಹಳೆಯದು. ಅದೀಗ ಉಪ್ಪುನೀರಿನ ತೊಟ್ಟಿಗೆ, ಅದರಲ್ಲೂ ಜೀವಂತ ಹವಳ ಬೆಳೆಸುವ ಐವತ್ತು ಅರವತ್ತು ಲೀಟರಿನ ಪುಟ್ಟ ತೊಟ್ಟಿಗೂ ವಿಸ್ತರಿಸಿದೆ. ಇಂತಹ ತೊಟ್ಟಿಯಿರುವ ಮನೆಗಳಲ್ಲಿ ಬಹುಬೇಗ ಎದುರಾಗುವ ತೊಡಕೆಂದರೆ ನೀರಿನ ಪಿಎಚ್ ಕುಸಿತ. ದುಬಾರಿ ಬೆಲೆ ತೆತ್ತು ತಂದ ಹವಳಕ್ಕೆ ಈ ಕುಸಿತಕ್ಕಿಂತಲೂ ಅದಕ್ಕೆ ಮಾಡುವ ಅವಸರದ ಚಿಕಿತ್ಸೆಯೇ ಹೆಚ್ಚು ಅಪಾಯಕಾರಿ ಎಂಬುದು ನಮ್ಮ ಅಭಿಪ್ರಾಯ.

ಪಿಎಚ್ ಎಂಬುದು ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬುದರ ಅಳತೆ. ತೆರೆದ ಸಾಗರದ ಮೇಲ್ಪದರದ ನೀರಿನಲ್ಲಿ ಅದು ಸುಮಾರು 8.1ರಷ್ಟಿರುತ್ತದೆ. ಮನೆಯ ತೊಟ್ಟಿಯಲ್ಲಿ 7.8ರಿಂದ 8.4ರವರೆಗೆ ಚಿಂತೆಗೆ ಕಾರಣವಿಲ್ಲ. ಈ ಸಂಖ್ಯೆ ದಿನವಿಡೀ ಒಂದೇ ಆಗಿರುವುದೂ ಇಲ್ಲ. ದೀಪ ಉರಿಯುತ್ತಿರುವಾಗ ಹವಳದೊಳಗಿನ ಸೂಕ್ಷ್ಮ ಪಾಚಿಗಳು ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ಪಿಎಚ್ ಏರುತ್ತದೆ. ದೀಪ ಆರಿದ ಮೇಲೆ ಎಲ್ಲ ಜೀವಿಗಳೂ ಉಸಿರಾಟದಲ್ಲಿ ಅದೇ ಅನಿಲವನ್ನು ಹೊರಬಿಡುವುದರಿಂದ ಇಳಿಯುತ್ತ ಹೋಗಿ, ಬೆಳಗ್ಗೆ ದೀಪ ಹಚ್ಚುವ ಮುನ್ನ ಅತ್ಯಂತ ಕೆಳಗಿರುತ್ತದೆ. ಆದ್ದರಿಂದ ಸಂಜೆಯ ಅಳತೆಯನ್ನು ಮರುದಿನ ಬೆಳಗಿನ ಅಳತೆಯೊಡನೆ ಹೋಲಿಸಿ ಗಾಬರಿಯಾಗಬಾರದು. ದಿನಗಟ್ಟಲೆ 7.8ಕ್ಕಿಂತ ಕೆಳಗೇ ನಿಂತಿತೆಂದರೆ ಹವಳಕ್ಕೆ ತನ್ನ ಸುಣ್ಣದ ಗೂಡು ಕಟ್ಟುವುದು ಕಷ್ಟವಾಗುತ್ತದೆ. ಆಗ ಕಾರಣ ಹುಡುಕಬೇಕು.

ಕಾರಣವನ್ನು ಮೊದಲು ಹುಡುಕಬೇಕಾದ್ದು ಕೋಣೆಯ ಗಾಳಿಯಲ್ಲಿ. ಹೊರಗಿನ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡಿನ ಪಾಲು 420ಕ್ಕೆ ತುಸು ಮಿಕ್ಕಿದೆ. ಮೂರು ನಾಲ್ಕು ಜನ ಮಲಗಿದ ಮುಚ್ಚಿದ ಕೋಣೆಯಲ್ಲಿ ಅದು 1,000 ದಾಟುವುದು ಸಾಮಾನ್ಯ. ನೀರಿನಲ್ಲಿ ಕರಗಿದ ಈ ಅನಿಲ ಕಾರ್ಬಾನಿಕ್ ಆಮ್ಲವಾಗಿ ಪಿಎಚ್ ಇಳಿಸುತ್ತದೆ. ಮುಂಬಯಿಯಲ್ಲಿ ಮಳೆಗೆ, ದೆಹಲಿಯಲ್ಲಿ ಚಳಿಗೆ ಮತ್ತು ಹೊಗೆಗೆ, ಚೆನ್ನೈಯಲ್ಲಿ ಸೆಕೆಗೆ ಎ.ಸಿ. ಹಾಕಿದ್ದಕ್ಕೆ, ಹೀಗೆ ನೆಪ ಬೇರೆಯಾದರೂ ನಾವೆಲ್ಲ ಕಿಟಕಿ ಮುಚ್ಚುವವರೇ. ಸಾಮಾನ್ಯ ಸ್ಪ್ಲಿಟ್ ಎ.ಸಿ. ಒಳಗಿನ ಗಾಳಿಯನ್ನೇ ತಂಪಾಗಿಸಿ ತಿರುಗಿಸುತ್ತದೆಯೇ ಹೊರತು ಹೊಸ ಗಾಳಿಯನ್ನು ತರುವುದಿಲ್ಲ. ಅಡುಗೆಮನೆಯ ಗ್ಯಾಸ್ ಒಲೆಯೂ ತನ್ನ ಪಾಲನ್ನು ಸೇರಿಸುತ್ತದೆ.

ಇದನ್ನು ಖಚಿತಪಡಿಸಿಕೊಳ್ಳುವುದು ಸುಲಭ. ತೊಟ್ಟಿಯ ಒಂದು ಲೋಟ ನೀರಿನ ಪಿಎಚ್ ಅಳೆದು, ಅದನ್ನು ಬಾಲ್ಕನಿಗೆ ಒಯ್ದು ಸಣ್ಣ ಏರ್ ಪಂಪಿನಿಂದ ಒಂದು ಗಂಟೆ ಗುಳ್ಳೆ ಹಾಯಿಸಿ ಮತ್ತೆ ಅಳೆಯಬೇಕು. ಏರಿದ್ದರೆ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿತ್ತೆಂದು ಅರ್ಥ. ಇನ್ನೊಂದು ಲೋಟ ನೀರಿಗೆ ಕೋಣೆಯೊಳಗೇ ಗುಳ್ಳೆ ಹಾಯಿಸಿದಾಗ ಪಿಎಚ್ ಏರದಿದ್ದರೆ ದೋಷ ಕೋಣೆಯ ಗಾಳಿಯದು. ಅಲ್ಲಿಯೂ ಏರಿದರೆ ತೊಟ್ಟಿಯ ನೀರಿನ ಮೇಲ್ಮೈ ಸಾಕಷ್ಟು ಕದಡುತ್ತಿಲ್ಲ. ಎಲೆಕ್ಟ್ರಾನಿಕ್ ಮೀಟರ್ ಬಳಸುವವರು ಅದನ್ನು ಮೊದಲೇ 7 ಮತ್ತು 10ರ ಮಾನಕ ದ್ರಾವಣಗಳಲ್ಲಿ ಸರಿಹೊಂದಿಸಿಕೊಳ್ಳಬೇಕು. ಎಷ್ಟೋ ಬಾರಿ ಕುಸಿದಿರುವುದು ಮೀಟರೇ ಆಗಿರುತ್ತದೆ!

ಪರೀಕ್ಷೆಗೆ ಮುನ್ನವೇ ಅಂಗಡಿಯ 'ಬಫರ್' ಪುಡಿ ಸುರಿಯುವುದನ್ನು ನಾವು ಒಪ್ಪುವುದಿಲ್ಲ. ಆ ಪುಡಿ ಹೆಚ್ಚಿಸುವುದು ಆಲ್ಕಲಿನಿಟಿಯನ್ನು, ಅಂದರೆ ಆಮ್ಲವನ್ನು ತಾಳಿಕೊಳ್ಳುವ ನೀರಿನ ಶಕ್ತಿಯನ್ನು. ಸಮುದ್ರದ ನೀರಿನಲ್ಲಿ ಅದು ಸುಮಾರು 7 ಡಿಕೆಎಚ್. ತೊಟ್ಟಿಯಲ್ಲಿ 7ರಿಂದ 11 ಇದ್ದರೆ ಸಾಕು. ಆಲ್ಕಲಿನಿಟಿ ಸರಿಯಿದ್ದೂ ಗಾಳಿಯ ದೋಷದಿಂದ ಪಿಎಚ್ ಇಳಿದಿದ್ದರೆ, ಪುಡಿ ಹಾಕಿದ ಒಂದೆರಡು ದಿನ ಏರಿದಂತೆ ಕಂಡು ಮತ್ತೆ ಇಳಿಯುತ್ತದೆ. ಮತ್ತೆ ಹಾಕುತ್ತ ಹೋದರೆ ಆಲ್ಕಲಿನಿಟಿ ಮಿತಿಮೀರಿ, ಕ್ಯಾಲ್ಸಿಯಂ ಬಿಳಿ ಗಸಿಯಾಗಿ ಹೀಟರು, ಪಂಪುಗಳಿಗೆ ಮೆತ್ತಿಕೊಳ್ಳುತ್ತದೆ. ಹವಳದ ತುದಿಗಳು ಸುಟ್ಟಂತಾಗುತ್ತವೆ. ಪುಟ್ಟ ತೊಟ್ಟಿಯಲ್ಲಿ ಇದು ಒಂದೇ ವಾರದಲ್ಲಿ ಆಗಿಬಿಡಬಹುದು. ಅಡುಗೆ ಸೋಡಾವಂತೂ ಆಲ್ಕಲಿನಿಟಿಯನ್ನು ಏರಿಸಿದರೂ ಪಿಎಚ್ಚನ್ನು ಆ ಕ್ಷಣಕ್ಕೆ ತುಸು ಇಳಿಸುವುದೇ ಸರಿ. ಅಳೆದಾಗ ಆಲ್ಕಲಿನಿಟಿಯೇ ಕಡಿಮೆಯಿದ್ದರೆ ಮಾತ್ರ ಅದನ್ನು ನಿಧಾನವಾಗಿ, ದಿನಕ್ಕೆ ಒಂದು ಡಿಕೆಎಚ್ ಮೀರದಂತೆ ಏರಿಸಬೇಕು.

ಗಾಳಿಯ ದೋಷಕ್ಕೆ ಗಾಳಿಯೇ ಮದ್ದು. ದಿನಕ್ಕೆ ಕೆಲ ಗಂಟೆ ಕಿಟಕಿ ತೆರೆಯುವುದು, ನೀರಿನ ಮೇಲ್ಮೈ ಸದಾ ಕದಡುವಂತೆ ಪಂಪನ್ನು ತಿರುಗಿಸಿಡುವುದು ಖರ್ಚಿಲ್ಲದ ಉಪಾಯಗಳು. ಪ್ರೋಟೀನ್ ಸ್ಕಿಮ್ಮರ್ ಇದ್ದರೆ ಅದು ಗಾಳಿ ಎಳೆಯುವ ಕೊಳವೆಯನ್ನು ಕಿಟಕಿಯಾಚೆಗೆ ಒಯ್ಯಬಹುದು. ಅದಾಗದಿದ್ದರೆ ಆ ಕೊಳವೆಗೆ ಇಂಗಾಲದ ಡೈಆಕ್ಸೈಡನ್ನು ಹೀರುವ ಸೋಡಾ ಲೈಮ್ ಡಬ್ಬಿ ಜೋಡಿಸಬಹುದು, ಆದರೆ ಅದನ್ನು ಆಗಾಗ ಬದಲಿಸುವ ಖರ್ಚಿದೆ. ಪಕ್ಕದ ಸಣ್ಣ ಕೋಶದಲ್ಲಿ ಹಸಿರು ಪಾಚಿ ಬೆಳೆಸಿ ರಾತ್ರಿ ಮಾತ್ರ ದೀಪ ಹಚ್ಚಿದರೆ ಇರುಳಿನ ಇಳಿತ ತಗ್ಗುತ್ತದೆ.

ಇನ್ನೊಂದು ಉಪಾಯ ಸುಣ್ಣದ ತಿಳಿನೀರು. ಆವಿಯಾದ ನೀರಿನ ಬದಲಿಗೆ ಇದನ್ನು ರಾತ್ರಿ ಹನಿಹನಿಯಾಗಿ ಬಿಟ್ಟರೆ ಇಂಗಾಲದ ಡೈಆಕ್ಸೈಡನ್ನು ಹಿಡಿದು ಪಿಎಚ್ ಏರಿಸುತ್ತದೆ, ಕ್ಯಾಲ್ಸಿಯಂ ಕೂಡ ಒದಗಿಸುತ್ತದೆ. ಆದರೆ ಅದರ ಪಿಎಚ್ 12ಕ್ಕೂ ಮೇಲೆ. ಒಮ್ಮೆಗೇ ಸುರಿದರೆ ಮೀನುಗಳು ಉಳಿಯುವುದಿಲ್ಲ, ಕಣ್ಣಿಗೆ ಸಿಡಿದರೂ ಅಪಾಯ. ಮಕ್ಕಳ ಕೈಗೆಟುಕದಂತಿಡಬೇಕು. ಎಲೆಯಡಿಕೆಯ ಸುಣ್ಣ ಇದಕ್ಕೆ ಒದಗದು. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನೇ ಬಳಸಬೇಕು.

ಹವಳ ಕೊಳ್ಳುವವರಿಗೆ ಕಾನೂನಿನ ಒಂದು ಮಾತು. ದಂಡೆ ಕಟ್ಟುವ ಕಲ್ಲುಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನಮ್ಮ ಕಡಲಿನಿಂದ, ನೇತ್ರಾಣಿಯಾಗಲಿ ಲಕ್ಷದ್ವೀಪವಾಗಲಿ, ಅವುಗಳನ್ನು ಕಿತ್ತು ತರುವುದು ಅಪರಾಧ. ಮಾರುವವರು ಮೂಲದ ಕಾಗದಪತ್ರ ತೋರಿಸದಿದ್ದರೆ ಕೊಳ್ಳಬಾರದು.