ಯಜಮಾನರು ಯಾರು?

ಗೃಹಪ್ರವೇಶವಿರಲಿ, ಸತ್ಯನಾರಾಯಣ ಪೂಜೆಯಿರಲಿ, ಪುರೋಹಿತರು ಬಂದು ಮಣೆ ಹಾಕಿಸುತ್ತಲೇ ಕೇಳುವ ಪ್ರಶ್ನೆ ಒಂದೇ: 'ಯಜಮಾನರು ಯಾರು?' ಗೋತ್ರ, ನಕ್ಷತ್ರ, ಹೆಸರು ಗೊತ್ತಾಗದೆ ಸಂಕಲ್ಪವಿಲ್ಲ. ಅದೇ ಪದ ಬಾಗಿಲ ಹೊರಗೂ ಓಡಾಡುತ್ತಿರುತ್ತದೆ. ವಂತಿಗೆ ಕೇಳಲು ಬಂದವರು 'ಯಜಮಾನ್ರು ಮನೇಲಿದಾರಾ?' ಎನ್ನುತ್ತಾರೆ. ಗಂಡನ ಹೆಸರು ಹೇಳದ ತಲೆಮಾರಿನ ಹೆಂಗಸರು 'ನಮ್ಮ ಯಜಮಾನ್ರು ಊರಿಗೆ ಹೋಗಿದಾರೆ' ಎಂದು ಉತ್ತರಿಸುತ್ತಾರೆ. ಒಂದು ಪದ ದೇವರ ಮುಂದಿನ ಮಣೆಯಿಂದ ಬೀದಿಬಾಗಿಲವರೆಗೆ ಇಷ್ಟು ಸಲೀಸಾಗಿ ನಡೆದಾಡುತ್ತಿದ್ದರೆ ಅದರ ಹಿಂದೆ ದೊಡ್ಡ ಬದುಕೇ ಇರಬೇಕು.

ಇದೆ. ಸಂಸ್ಕೃತದ 'ಯಜ್' ಧಾತುವಿಗೆ, ಅಂದರೆ ಯಜ್ಞ ಮಾಡು ಎಂಬ ಕ್ರಿಯೆಗೆ, ಎರಡು ರೂಪ. ಇನ್ನೊಬ್ಬರಿಗಾಗಿ ಯಜ್ಞ ಮಾಡಿಕೊಡುವ ಪುರೋಹಿತನಿಗೆ 'ಯಜತಿ'. ಫಲ ತನಗೇ ಸಲ್ಲಬೇಕೆಂದು ಮಾಡುವವನಿಗೆ 'ಯಜತೇ'. ಈ ಎರಡನೆಯದರಿಂದ ಯಜಮಾನ ಹುಟ್ಟಿದ. ತುಪ್ಪ, ಸಮಿತ್ತು, ದಕ್ಷಿಣೆ, ಬಂದವರ ಊಟ ಎಲ್ಲ ಅವನ ಖರ್ಚು. ವ್ರತ ಹಿಡಿದು ಉಪವಾಸ ಕೂರಬೇಕಾದವನೂ ಅವನೇ. ಫಲ ಅವನದೆಂದು ವ್ಯಾಕರಣ ಹೇಳಿತು. ಆದರೆ ಪ್ರತಿ ಆಹುತಿ ಬೆಂಕಿಗೆ ಬೀಳುವಾಗ ಅವನು ಬಾಯಿಬಿಟ್ಟು ಹೇಳಬೇಕಾದ ಮಾತು ಬೇರೆ: ಇದು ದೇವತೆಯದು, ನನ್ನದಲ್ಲ. ಈ ತ್ಯಾಗದ ಮಾತಿಲ್ಲದೆ ಹೋಮ ಪೂರ್ತಿಯಾಗದು. ಹೀಗೆ ಯಜಮಾನ ಎಂಬ ಪದ ಹುಟ್ಟಿದಾಗಲೇ ಎರಡು ಅರ್ಥಗಳು ಒಟ್ಟಿಗಿದ್ದವು: ಫಲಕ್ಕೆ ಹಕ್ಕುದಾರ, ಫಲವನ್ನು ಬಿಟ್ಟುಕೊಡುವವ. ಶಿವನ ಅಷ್ಟಮೂರ್ತಿಗಳಲ್ಲಿ ಪಂಚಭೂತಗಳು ಮತ್ತು ಸೂರ್ಯಚಂದ್ರರ ಜೊತೆ ಎಂಟನೆಯವನಾಗಿ ಯಜಮಾನನನ್ನು ಸೇರಿಸಿರುವುದು ಈ ಬಿಟ್ಟುಕೊಡುವ ಗುಣಕ್ಕೇ ಸಂದ ಗೌರವವೆಂದು ನಾನು ನಂಬುತ್ತೇನೆ.

ಕನ್ನಡಕ್ಕೆ ಬಂದ ಮೇಲೆ ಪದ ಬಹಳ ಮನೆಗಳನ್ನು ಹೊಕ್ಕಿತು. ಕುಟುಂಬದ ಹಿರಿಯ, ಗಂಡ, ಅಂಗಡಿಯ ಮಾಲೀಕ, ಕೇರಿಯಲ್ಲಿ ನ್ಯಾಯ ಹೇಳುವ ಮುಖಂಡ, ಯಕ್ಷಗಾನ ಮೇಳದ ಒಡೆಯ, ಎಲ್ಲರೂ ಯಜಮಾನರು. ವೃತ್ತಿ ನಾಟಕ ಕಂಪನಿಗಳಲ್ಲಿ ಕಂಪನಿ ನಡೆಸುವವರನ್ನು ನಟರು ಕರೆಯುತ್ತಿದ್ದುದೂ ಹಾಗೆಯೇ. ಮಳೆ ಬಂದು ಕಲೆಕ್ಷನ್ ಬಿದ್ದ ರಾತ್ರಿಯೂ ಅಷ್ಟೂ ಜನರಿಗೆ ಅನ್ನ ಹಾಕಬೇಕಾದವರು ಅವರು. 2000ದಲ್ಲಿ ಬಂದ ವಿಷ್ಣುವರ್ಧನ್ ಅವರ 'ಯಜಮಾನ' ಚಿತ್ರದ ನಾಯಕ ತಮ್ಮಂದಿರನ್ನು ಸಾಕುವುದಕ್ಕಾಗಿ ತನ್ನ ಬದುಕನ್ನು ಬದಿಗಿಟ್ಟ ಅಣ್ಣ. ತಮಿಳಿನ 'ವಾನತ್ತೈಪ್ಪೋಲ'ವನ್ನು ಕನ್ನಡಕ್ಕೆ ತಂದವರಿಗೆ ಆ ಪಾತ್ರಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಗುತ್ತಿರಲಿಲ್ಲ.

ಇನ್ನೊಂದು ದಿಕ್ಕಿನಲ್ಲಿ ಪದ ಜಾರಿತು ಕೂಡ. 'ನನ್ನ ಮೇಲೆ ಯಜಮಾನಿಕೆ ಮಾಡಬೇಡ' ಎನ್ನುವಾಗ ಅದರಲ್ಲಿ ತ್ಯಾಗದ ವಾಸನೆಯೂ ಇಲ್ಲ. ನಮ್ಮ ವಿಮರ್ಶಕರು ಬಲಾಢ್ಯರ ಹಿಡಿತವನ್ನು ಹೆಸರಿಸಬೇಕಾದಾಗ 'ಯಾಜಮಾನ್ಯ' ಎಂದರು. ಅವರು ಪದವನ್ನು ಕೆಡಿಸಲಿಲ್ಲ. ಮನೆಮನೆಯಲ್ಲಿ ಆಗಲೇ ಕೆಟ್ಟಿದ್ದನ್ನು ಗುರುತಿಸಿದರು.

ಯಜಮಾನನ ಕೈಗೆ ಕಡಿವಾಣ ಬೇಕೆಂಬ ಅರಿವು ನಮ್ಮ ನೆಲಕ್ಕೆ ಹೊಸದಲ್ಲ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ 'ಮಿತಾಕ್ಷರ' ಬರೆದ. ಬಂಗಾಳದ ಕಡೆಯನ್ನು ಬಿಟ್ಟರೆ ದೇಶದ ಹೆಚ್ಚಿನ ಭಾಗದ ಅವಿಭಕ್ತ ಕುಟುಂಬಗಳು ಶತಮಾನಗಳ ಕಾಲ ಆ ಗ್ರಂಥದ ನೆರಳಲ್ಲೇ ನಡೆದವು. ಅದರ ಪ್ರಕಾರ ಗಂಡುಮಗುವಿಗೆ ಹುಟ್ಟಿದಾಗಲೇ ಪಿತ್ರಾರ್ಜಿತದಲ್ಲಿ ಪಾಲು. ಮನೆ ನಡೆಸುವವ ಜಮೀನು ಮಾರಬಹುದಾದದ್ದು ಮೂರು ಕಾರಣಕ್ಕೆ ಮಾತ್ರ: ಆಪತ್ತು ಬಂದಾಗ, ಕುಟುಂಬದ ಹಿತಕ್ಕೆ, ಧರ್ಮಕಾರ್ಯಕ್ಕೆ. ತನ್ನ ಖುಷಿಗೆ ಮಾರುವಂತಿಲ್ಲ.

ತುಳುನಾಡಿನ ಗುತ್ತಿನ ಮನೆಗಳಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಅಳಿಯಕಟ್ಟಿನಲ್ಲಿ ವಂಶ ಹರಿಯುವುದು ಹೆಣ್ಣಿನ ಮೂಲಕ. ಗದ್ದೆ, ತೋಟ, ದೈವದ ಚಾಕರಿ ಎಲ್ಲವನ್ನೂ ನೋಡಿಕೊಳ್ಳುವ ಯಜಮಾನನ ದುಡಿಮೆ ಅವನ ಹೆಂಡತಿಮಕ್ಕಳಿಗೆ ಸಲ್ಲದೆ ಅಕ್ಕತಂಗಿಯರ ಮಕ್ಕಳಿಗೆ ಸಲ್ಲುತ್ತಿತ್ತು. ಆಡಳಿತ ಹಿರಿಯ ಹೆಂಗಸಿನ ಕೈಯಲ್ಲಿದ್ದಾಗ ಅವಳು ಯಜಮಾನ್ತಿ. 'ನನ್ನದಲ್ಲ' ಎಂಬ ಮಾತು ಅಲ್ಲಿ ಮನೆತನದ ಕಟ್ಟಳೆಯೇ ಆಗಿತ್ತು.

ನನ್ನ ಮಟ್ಟಿಗೆ ಈ ಪದಕ್ಕೆ ಮುಖವೊಂದಿದೆ. ಅದು ನನ್ನ ಅಜ್ಜನದು. ಆಳುಗಳಿಗೆ ಅವರು 'ಒಡೇರು', ಊರಿಗೆ 'ಯಜಮಾನ್ರು', ಅಜ್ಜಿಗೆ ಬರೀ 'ಇವರು'. ಮಲೆನಾಡಿನ ಅಡಿಕೆ ತೋಟದ ಮನೆ. ಅಪ್ಪ ಬೇಗ ತೀರಿಕೊಂಡು, ಮೀಸೆ ಮೂಡುವ ಹೊತ್ತಿಗೇ ತಮ್ಮಂದಿರು, ತಂಗಿಯರು, ಮಂಡಿಯ ಸಾಲ ಎಲ್ಲ ಅಜ್ಜನ ಪಾಲಿಗೆ ಬಂದವು. ಮಳೆಗಾಲದಲ್ಲಿ ಅವರಿಗೆ ನಿದ್ದೆ ಕಡಿಮೆ. ಆಷಾಢದ ಮಳೆ ಬಿಡದೆ ಹಿಡಿದರೆ ಕೊಳೆರೋಗ ಬಂದು ಎಳೆ ಅಡಿಕೆ ಉದುರುತ್ತದೆ. ಒಂದು ವರ್ಷದ ಅನ್ನ ಮರದ ಬುಡದಲ್ಲಿ ಬಿದ್ದಿರುತ್ತದೆ. ಮಳೆ ಕಚ್ಚಿಕೊಳ್ಳುವ ಮುಂಚೆ ಮೈಲುತುತ್ತು, ಸುಣ್ಣ ಕದಡಿ ಬೋರ್ಡೋ ಹೊಡೆಸಬೇಕು, ಗುದ್ದಲಿ ಹಿಡಿದು ಬಸಿಗಾಲುವೆ ಬಿಡಿಸಬೇಕು. ಮಳೆ ಮುಗಿದ ಮೇಲೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಅಟ್ಟದ ಮೇಲೆ ಒಣಗಿಸುವುದು. ಮರ ಹತ್ತಿದ ಕೊನೆಗಾರ ಇಳಿದು ಕೈಕಾಲು ತೊಳೆದು ಉಂಡನೆಂದು ಗೊತ್ತಾಗುವವರೆಗೆ ಅಜ್ಜ ಎಲೆಯ ಮುಂದೆ ಕೂರುತ್ತಿರಲಿಲ್ಲ.

ಅವರ ಲೆಕ್ಕದ ಪುಸ್ತಕಗಳು ಇನ್ನೂ ನಮ್ಮಲ್ಲಿವೆ. ಕೆಂಪು ರಟ್ಟು, ಉದ್ದನೆಯ ಹಾಳೆ, ಬಾಗಿದ ಅಕ್ಷರ. ಮನೆಯ ಒಬ್ಬೊಬ್ಬರಿಗೂ ಒಂದೊಂದು ಖಾತೆ: ತಂಗಿಯ ಬಾಣಂತನ, ಚಿಕ್ಕಪ್ಪನ ಕಾಲೇಜು ಫೀಸು, ಆಳಿನ ಮಗಳ ಮದುವೆಗೆ ಕೊಟ್ಟ ಮುಂಗಡ, ಕೊಟ್ಟಿಗೆಯ ದನಗಳ ಹಿಂಡಿಗೂ ಒಂದು ಪುಟ. ಅಜ್ಜನ ಹೆಸರಿನ ಖಾತೆ ಮಾತ್ರ ಎಲ್ಲೂ ಇಲ್ಲ. ಅವರಿಗೆ ಪಂಚೆ, ಚಪ್ಪಲಿ, ಎಲೆಯಡಿಕೆ ಬೇಕಾಗಿರಲಿಲ್ಲವೆಂದಲ್ಲ. ಅದನ್ನೆಲ್ಲ 'ಮನೆ ಖರ್ಚು' ಎಂಬ ಸಾಲಿಗೆ ಸೇರಿಸಿಬಿಡುತ್ತಿದ್ದರು. ತನ್ನದು ಎಂದು ಬರೆಯಲು ಅವರಿಗೆ ಏನೂ ತೋಚಿರಲಿಕ್ಕಿಲ್ಲ. ಹೋಮಕುಂಡದ ಮುಂದೆ ಹೇಳುವ ಆ ತ್ಯಾಗದ ಮಾತನ್ನು ಅವರು ಬದುಕಿಡೀ ಪಾಲಿಸಿದರೆಂದು ಆ ಪುಸ್ತಕ ನೋಡಿದಾಗಲೆಲ್ಲ ನನಗೆ ಅನಿಸುತ್ತದೆ. ಅವರ ಮೇಲಿನ ನನ್ನ ಗೌರವಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ಆ ಪುಸ್ತಕಗಳಲ್ಲಿ ಅಜ್ಜಿಗೂ ಖಾತೆಯಿಲ್ಲ. ಅಜ್ಜನ ಹೆಸರು ಇಲ್ಲದಿರುವುದು ಇಡೀ ಪುಸ್ತಕ ಅವರ ಕೈಯಲ್ಲಿದ್ದುದರಿಂದ. ಅಜ್ಜಿಯ ಹೆಸರು ಇಲ್ಲದಿರುವುದು ಅವಳಿಗೂ ಒಂದು ಖಾತೆ ಬೇಕೆಂದು ಯಾರಿಗೂ ಹೊಳೆಯದ್ದರಿಂದ. ಕೊಯ್ಲಿನ ದಿನಗಳಲ್ಲಿ ಬೆಳಗಿನ ಜಾವ ಒಲೆ ಹೊತ್ತಿಸಿದವಳು, ಸುಲಿಯಲು ಬಂದವರಿಗೆಲ್ಲ ಬಡಿಸಿ ಕೊನೆಗೆ ಉಂಡವಳು ಅವಳು. ಪೂಜೆಯಲ್ಲಿ ಹೆಂಡತಿ ಪಕ್ಕದಲ್ಲಿ ಕೂತು ದರ್ಭೆಯಿಂದ ಗಂಡನ ತೋಳು ಮುಟ್ಟಿಕೊಂಡಿರುತ್ತಾಳೆ. ಪತ್ನಿಯಿಲ್ಲದೆ ಯಜ್ಞವಿಲ್ಲವೆಂದು ಶಾಸ್ತ್ರವೂ ಒಪ್ಪುತ್ತದೆ. ದುಡಿಮೆಯಲ್ಲಿ ಅರ್ಧ ಅವಳದು, ತೀರ್ಮಾನದಲ್ಲಿ ಅವಳಿಗೆ ಪಾಲಿಲ್ಲ. ಅಜ್ಜನ ಮಗಳಾದ ನನ್ನ ಅತ್ತೆಗೆ ಎಸ್ಸೆಸ್ಸೆಲ್ಸಿ ಮುಗಿಸಿ ಮುಂದೆ ಓದುವ ಆಸೆಯಿತ್ತು. ಇಬ್ಬರ ಫೀಸು ಹೊರುವ ಶಕ್ತಿ ಮನೆಗಿರಲಿಲ್ಲ. ಅಜ್ಜ ಚಿಕ್ಕಪ್ಪನನ್ನು ಓದಿಸಿದರು. ತನಗಾಗಿ ಏನನ್ನೂ ಇಟ್ಟುಕೊಳ್ಳದ ಮನುಷ್ಯ ಬೇರೆಯವರ ಪಾಲಿನದನ್ನೂ ಬಿಟ್ಟುಕೊಡಬಲ್ಲ. ಒಳ್ಳೆಯ ಯಜಮಾನರ ಕಷ್ಟದ ಜಾಗ ಇದೇ. ತಾನು ತ್ಯಾಗ ಮಾಡಿದವನಿಗೆ ಮಕ್ಕಳಿಂದಲೂ ಅಷ್ಟೇ ತ್ಯಾಗ ಕೇಳುವುದು ಸಹಜವೆನಿಸಿಬಿಡುತ್ತದೆ.

ಈಗ ಪದ ಹೊಸ ಮನೆ ಹೊಕ್ಕಿದೆ. ಕರ್ನಾಟಕ 1994ರಲ್ಲೇ, ಇಡೀ ದೇಶ 2005ರಲ್ಲಿ, ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಜನ್ಮಸಿದ್ಧ ಪಾಲು ಕೊಟ್ಟಿತು. 2013ರ ಆಹಾರ ಭದ್ರತಾ ಕಾಯ್ದೆ ಪಡಿತರ ಚೀಟಿಗೆ ಮನೆಯ ಹಿರಿಯ ಹೆಂಗಸನ್ನೇ ಮುಖ್ಯಸ್ಥೆಯೆಂದು ಎಣಿಸಿತು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆ ತಿಂಗಳಿಗೆ 2,000 ರೂಪಾಯಿಯನ್ನು 'ಮನೆ ಯಜಮಾನಿ'ಯ ಖಾತೆಗೆ ಹಾಕುತ್ತೇವೆ ಎಂದಿತು. 'ಮನೆ ಯಜಮಾನಿ ಯಾರು?' ಎಂಬ ಪ್ರಶ್ನೆ ಸರ್ಕಾರದ ಅರ್ಜಿಯೊಳಕ್ಕೆ ಬಂತು. ಅದಕ್ಕೆ ಉತ್ತರವಾಗಿ ತಮ್ಮ ಹೆಸರು ಬರೆಸಿದ ಎಷ್ಟೋ ಹೆಂಗಸರಿಗೆ ಈ ಪದ ಅದುವರೆಗೆ ಗಂಡನ ಹೆಸರಿನ ಬದಲಿಗೆ ಮಾತ್ರ ಗೊತ್ತಿತ್ತು. ನಮ್ಮ ಅಜ್ಜಿಗೆ ಸಿಗದ ಖಾತೆ ಅವರಿಗೆ ಸಿಕ್ಕಿದೆ.

ಇಲ್ಲಿ ಎಚ್ಚರವೂ ಬೇಕು. ಹೊರೆಯನ್ನು ಹೆಂಗಸರಿಗೆ ದಾಟಿಸಿ, ಆ ಹಣ ಎಲ್ಲಿಗೆ ಹೋಗಬೇಕೆಂಬ ಮಾತನ್ನು ಗಂಡಸರೇ ಇಟ್ಟುಕೊಂಡರೆ ಹಳೆಯ ತಪ್ಪು ಹೊಸ ಹೆಸರಿನಲ್ಲಿ ಮುಂದುವರಿಯುತ್ತದೆ. ಯಜಮಾನ ಎಂಬ ಪದದ ಎರಡೂ ಅರ್ಧಗಳು ಒಟ್ಟಿಗೆ ಹೋಗಬೇಕು: ಹಕ್ಕು, ಮತ್ತು ಬಿಟ್ಟುಕೊಡುವ ಮನಸ್ಸು. ಹಕ್ಕೊಂದೇ ಉಳಿದ ಕಡೆ ದರ್ಪ ಬೆಳೆಯುತ್ತದೆ. ಬಿಟ್ಟುಕೊಡುವುದೊಂದೇ ಪಾಲಿಗೆ ಬಂದವರು ಸವೆದುಹೋಗುತ್ತಾರೆ. ಅಜ್ಜಿ ಸವೆದದ್ದು ಹಾಗೆ.

ಅಜ್ಜನ ತಿಥಿಯ ದಿನ ಊಟವಾದ ಮೇಲೆ ಮಕ್ಕಳು ಅವರ ಕಥೆ ಕೇಳುತ್ತಾರೆ. ನಾವು ಕೊಳೆರೋಗದ ವರ್ಷವನ್ನು ಹೇಳುತ್ತೇವೆ, ತೀರಿಸಿದ ಸಾಲವನ್ನು ಹೇಳುತ್ತೇವೆ. ಈಚೆಗೆ ಅಜ್ಜಿಯ ಒಲೆಯನ್ನೂ ಅತ್ತೆ ಓದದೆ ಉಳಿದದ್ದನ್ನೂ ಅದರ ಜೊತೆಗೇ ಹೇಳುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಇದರಿಂದ ಅಜ್ಜ ಚಿಕ್ಕವರಾಗಿಲ್ಲ. ಲೆಕ್ಕದಲ್ಲಿ ಒಂದು ಪೈಸೆ ಬಿಟ್ಟುಹೋದರೂ ಸಹಿಸದಿದ್ದ ಮನುಷ್ಯನನ್ನು ಬಿಟ್ಟುಹೋದ ಹೆಸರುಗಳನ್ನು ಸೇರಿಸಿಯೇ ನೆನೆಯುವುದು ನ್ಯಾಯ.