ಲಾಲ್‌ಬಾಗ್, ದೊಡ್ಡಮ್ಮ ಮತ್ತು ಅಣಬೆ

ಮಳೆ ಹಿಡಿದು ನಾಲ್ಕು ದಿನ ಆಗಿತ್ತು. ತೀರ್ಥಹಳ್ಳಿಯಿಂದ ಬಂದಿದ್ದ ದೊಡ್ಡಮ್ಮನನ್ನು ಬೆಳಿಗ್ಗೆ ಲಾಲ್‌ಬಾಗಿಗೆ ವಾಕಿಂಗ್ ಕರೆದುಕೊಂಡು ಹೋಗಿದ್ದೆ. 1760ರಲ್ಲಿ ಹೈದರಾಲಿ ಶುರು ಮಾಡಿಸಿದ್ದು, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನ ಆಯ್ತು ಅಂತೆಲ್ಲ ನಾನು ಕೊರೆಯುತ್ತಿದ್ದರೆ ಅವರ ಕಣ್ಣೆಲ್ಲ ಹುಲ್ಲಿನ ಮೇಲೆ. ಅಂಗೈ ಅಗಲದ ಬಿಳಿ ಕೊಡೆಗಳು, ಮೇಲೆ ಕಂದು ಚಕ್ಕೆ. "ನಮ್ಮೂರ ಅಣಬೆ ಇದ್ದಂಗೇ ಉಂಟಲ್ಲ ಮಾರಾಯ!" ಇಲ್ಲಿ ಏನೂ ಕೀಳುವಂತಿಲ್ಲ ಅಂತ ಎಳೆದುಕೊಂಡು ಬಂದೆ. ಬಸವನಗುಡಿಯ ನಮ್ಮ ಮನೆ ಕಾಂಪೌಂಡಿನಲ್ಲೂ ಅವೇ ಎದ್ದಿದ್ದವು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಒಂದು ಬುಟ್ಟಿ ಅಡುಗೆಮನೆಯಲ್ಲಿ :)

ಅವರು ಊರಲ್ಲಿ ತಿಂದು ಬೆಳೆದದ್ದು ಹುತ್ತದ ಅಣಬೆ. ಅದರ ಕಥೆ ದೊಡ್ಡದು. ಗೆದ್ದಲುಗಳು ಕಟ್ಟಿಗೆ, ತರಗೆಲೆ ಜಗಿದು ಹುತ್ತದೊಳಗೆ ತೋಟ ಮಾಡಿ ಶಿಲೀಂಧ್ರ ಬೆಳೆಸುತ್ತವೆ. ಮಳೆ ಬಂದಾಗ ಅದೇ ಅಣಬೆಯಾಗಿ ಮಣ್ಣು ಸೀಳಿ ಮೇಲೇಳುತ್ತದೆ. ಲಿನೇಯಸ್ಸನ ಶಿಷ್ಯ ಕ್ಯೋನಿಗ್ ತಂಜಾವೂರು ಸೀಮೆಯ ಗೆದ್ದಲು ನೋಡಿ 1779ರಲ್ಲೇ ಈ ತೋಟದ ಬಗ್ಗೆ ಬರೆದ. ಫ್ರಾನ್ಸಿನ ರೋಜೆ ಹೈಮ್ ಈ ಅಣಬೆಗಳ ಕುಲಕ್ಕೆ 'ಟರ್ಮಿಟೋಮೈಸಿಸ್' ಅಂತ ಹೆಸರಿಟ್ಟದ್ದು 1942ರಲ್ಲಿ. ನಮ್ಮ ದಕ್ಷಿಣದ ಒಂದು ಜಾತಿಗೆ ಮದ್ರಾಸಿನ ನಟರಾಜನ್ 1979ರಲ್ಲಿ ಹೈಮನ ಹೆಸರನ್ನೇ ಕೊಟ್ಟರು. ದೊಡ್ಡಮ್ಮನಿಗೆ ಇವರ್‍ಯಾರೂ ಗೊತ್ತಿಲ್ಲ. ಆದರೆ ಅಣಬೆಯ ಬೇರು ಹುತ್ತದೊಳಗೆ ಇಳಿದಿರುತ್ತೆ, ನೆತ್ತಿ ಚೂಪಾಗಿರುತ್ತೆ ಅನ್ನೋದು ಗೊತ್ತು.

"ಹಾಗಾದ್ರೆ ಇದರ ಬೇರೆಲ್ಲಿ ದೊಡ್ಡಮ್ಮಾ?" ಅಂದೆ. ಬುಟ್ಟಿ ತಿರುವಿ ಹಾಕಿದರು. ಒಂದಕ್ಕೂ ಇಲ್ಲ! ಬುಡ ಗುಂಡಗೆ ಮುಗಿದಿತ್ತು. ಆದರೂ ಬಿಡಲಿಲ್ಲ, "ಹುಳ ತಿಂದಿದೆ ನೋಡು, ವಿಷ ಇದ್ರೆ ತಿಂತಿತ್ತಾ?" ಅಂದರು. ಪಕ್ಕದ ಮನೆಯವರು ಬೆಳ್ಳುಳ್ಳಿ ಹಾಕಿ ಬೇಯಿಸಿ ನೋಡಿ, ಕಪ್ಪಾಗದಿದ್ದರೆ ತಿನ್ನಬಹುದು ಅಂತ ಸಲಹೆ ಕೊಟ್ಟರು. ಈ ಎರಡು ಪರೀಕ್ಷೆ ನಂಬಿ ಆಸ್ಪತ್ರೆ ಸೇರಿದವರು ಪ್ರಪಂಚದ ತುಂಬ ಇದ್ದಾರೆ. ಹುಳದ ಹೊಟ್ಟೆಯೇ ಬೇರೆ, ನಮ್ಮ ಹೊಟ್ಟೆಯೇ ಬೇರೆ.

ನಾನು ಒಂದು ಕೊಡೆಯ ಕಾಲು ಕತ್ತರಿಸಿ, ಬಿಳಿ ಕಾಗದದ ಮೇಲೆ ಬೋರಲು ಹಾಕಿ, ಪಾತ್ರೆ ಮುಚ್ಚಿಟ್ಟೆ. ಬೆಳಿಗ್ಗೆ ತೆಗೆದರೆ ಕಾಗದದ ಮೇಲೆ ಗೆರೆಗೆರೆಯಾಗಿ ಹಸಿರು ಪುಡಿ. ಹುತ್ತದ ಅಣಬೆಯದಾದರೆ ನಸುಗೆಂಪು ಇರಬೇಕಿತ್ತು. ಇದು 'ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್', ದಕ್ಷಿಣ ಅಮೆರಿಕದ ಎಸೆಕ್ವಿಬೊ ಸೀಮೆಯ ಸಸ್ಯಗಳ ಬಗ್ಗೆ ಮೇಯರ್ ಎಂಬಾತ 1818ರಲ್ಲಿ ತಂದ ಪುಸ್ತಕದಲ್ಲಿ ಮೊದಲು ದಾಖಲಾದದ್ದು. ತಿಂದರೆ ಒಂದೆರಡು ಗಂಟೆಯಲ್ಲೇ ವಾಂತಿ, ಭೇದಿ ಶುರು. ಎಳೆಯದರಲ್ಲಿ ಕೊಡೆಯ ಅಡಿಯೂ ಬಿಳಿಯೇ, ಹಸಿರು ಬರೋದು ಬಲಿತ ಮೇಲೆ. ಮೋಸ ಹೋಗೋದೇ ಅಲ್ಲಿ.

ಲಾಲ್‌ಬಾಗಿನಲ್ಲಿ ಮರಗಳಿಗಾದರೆ ಹೆಸರಿನ ಫಲಕ ಇರುತ್ತೆ. ನಾಲ್ಕು ದಿನ ಬಾಳೋ ಅಣಬೆಗೆ ಯಾರು ಹಾಕ್ತಾರೆ?

ದೊಡ್ಡಮ್ಮ ಬುಟ್ಟಿಯನ್ನು ತಿಪ್ಪೆಗೆ ಸುರಿದು, ಕೈ ತೊಳೆದು ಬಂದು, ಆ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಊರಲ್ಲಿ ಸೊಸೆಗೆ ತೋರಿಸಬೇಕಂತೆ.