ಮೇಲ್ಮನವಿಗೆ 2,352 ಡಾಲರ್!

ತಾಯಿ-ಮಕ್ಕಳ ಸಂಬಂಧವನ್ನು ಕೋರ್ಟು ಕಡಿದುಹಾಕಬಹುದಾ? ಅಮೆರಿಕದಲ್ಲಿ ಅಂಥ ಕಾನೂನಿದೆ. ಆದೇಶವಾದರೆ ಕಾನೂನಿನ ಕಣ್ಣಲ್ಲಿ ಆ ತಾಯಿ ಮಕ್ಕಳಿಗೆ ಯಾರೂ ಅಲ್ಲ.

1994ರ ಡಿಸೆಂಬರಿನಲ್ಲಿ ಮಿಸಿಸಿಪ್ಪಿ ರಾಜ್ಯದ ಒಬ್ಬಾಕೆಗೆ ಹೀಗೇ ಆಯ್ತು. ದಾಖಲೆಗಳಲ್ಲಿ ಆಕೆ ಬರೀ ‘ಎಂ.ಎಲ್.ಬಿ.’. ಇಬ್ಬರು ಮಕ್ಕಳು. ಮಾಜಿ ಗಂಡನ ಎರಡನೇ ಹೆಂಡತಿ ಅವರನ್ನು ದತ್ತು ಪಡೆಯಲೆಂದು ಕೇಸು ಹಾಕಲಾಗಿತ್ತು. ನ್ಯಾಯಾಧೀಶರು ತಾಯಿಯ ಹಕ್ಕು ರದ್ದು ಮಾಡಿದರು. ಯಾವ ಸಾಕ್ಷ್ಯದ ಮೇಲೆ ಅಂತ ಆದೇಶದಲ್ಲಿ ಬಿಡಿಸಿ ಹೇಳಲಿಲ್ಲ.

ಆಕೆ 100 ಡಾಲರ್ ಶುಲ್ಕ ಕಟ್ಟಿ ಮೇಲ್ಮನವಿ ಹಾಕಿದಳು. ಆದರೆ ವಿಚಾರಣೆಯ ದಾಖಲೆ ತಯಾರಿಸಿ ಕಳಿಸಲು ಇನ್ನೂ 2,352.36 ಡಾಲರ್ ಮುಂಗಡ ಬೇಕಿತ್ತು. ಅಷ್ಟು ದುಡ್ಡು ಆಕೆಯ ಹತ್ತಿರ ಇರಲಿಲ್ಲ. ಬಡವಳು, ವಿನಾಯಿತಿ ಕೊಡಿ ಅಂದರೆ, ಸಿವಿಲ್ ಮೇಲ್ಮನವಿಗೆ ಅದಿಲ್ಲ ಎಂದಿತು ರಾಜ್ಯದ ಸುಪ್ರೀಂ ಕೋರ್ಟ್.

ವಿಚಿತ್ರ ನೋಡಿ... ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆಯಾದ ಬಡವರಿಗೆ 1956ರಿಂದಲೇ ಈ ದಾಖಲೆ ಉಚಿತ. 1971ರ ಹೊತ್ತಿಗೆ ಬರೀ ದಂಡ ಬಿದ್ದ ಸಣ್ಣ ತಪ್ಪಿಗೂ ಅದು ಸಿಗುತ್ತಿತ್ತು. ಮಕ್ಕಳನ್ನೇ ಕಳೆದುಕೊಂಡವಳಿಗೆ ಮಾತ್ರ ಇಲ್ಲ!

1996ರ ಡಿಸೆಂಬರ್ 16ರಂದು ಅಮೆರಿಕದ ಸುಪ್ರೀಂ ಕೋರ್ಟ್ 6-3ರಲ್ಲಿ ಆಕೆಯ ಪರ ನಿಂತಿತು. ತೀರ್ಪು ಬರೆದವರು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್. ಇಂಥ ಕೇಸಿನಲ್ಲಿ ದಾಖಲೆಗೆ ದುಡ್ಡಿಲ್ಲ ಅನ್ನೋ ಕಾರಣಕ್ಕೆ ಮೇಲ್ಮನವಿಯ ಬಾಗಿಲು ಮುಚ್ಚುವಂತಿಲ್ಲ ಅಂತ ಅದರ ಸಾರ.

ಆವತ್ತು ಆಕೆಗೆ ಸಿಕ್ಕಿದ್ದು ಮಕ್ಕಳಲ್ಲ. ‘ನನ್ನ ಮಾತು ಇನ್ನೊಮ್ಮೆ ಕೇಳಿ’ ಅನ್ನುವ ಹಕ್ಕು ಅಷ್ಟೇ. ಆದರೆ ಅಷ್ಟಕ್ಕೇ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಮಕ್ಕಳು ಎರಡು ವರ್ಷ ದೊಡ್ಡವರಾಗಿದ್ದರು.